ತಲೆಗೆ ಆಯಸ್ಕಾಂತ ಹಿಡಿಯುವ ಚಿಕಿತ್ಸೆ: ಟಿಎಂಎಸ್ ನಡೆದು ಬಂದ ದಾರಿ

ಖಿನ್ನತೆಗೆ ಟಿಎಂಎಸ್ (ಆಯಸ್ಕಾಂತದ ಮಿಡಿತದಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ) ಮಾಡಿಸೋಣ ಎಂದು ಡಾಕ್ಟರ್ ಹೇಳಿದರೆ ಮಂಡ್ಯ, ಮೈಸೂರು ಕಡೆಯ ಮನೆಯವರು ಮೊದಲು ಕೇಳುವುದು, "ಕರೆಂಟ್ ಕೊಡ್ತೀರಾ ಸಾರ್?" ಎಂದು. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ತಲೆಗೆ ವಿದ್ಯುತ್ ಹಾಯಿಸಿ ಫಿಟ್ಸ್ ಬರಿಸುವ ಚಿಕಿತ್ಸೆ, ಅಂದರೆ ಇಸಿಟಿ, 1938ರಲ್ಲಿ ರೋಮ್‌ನಲ್ಲಿ ಶುರುವಾಯಿತು. ನಮ್ಮ ದೇಶದಲ್ಲೂ ಎಷ್ಟೋ ವರ್ಷ ಅರಿವಳಿಕೆ ಇಲ್ಲದೆಯೇ ಅದನ್ನು ಕೊಟ್ಟಿದ್ದುಂಟು. ಹಾಗೆ ಕೊಡಬಾರದು ಎಂದು ಕಾನೂನು ಹೇಳಿದ್ದು 2017ರಲ್ಲಿ. ಈಗ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ತೀವ್ರ ಖಿನ್ನತೆಯಲ್ಲಿ ಜೀವ ಉಳಿಸುತ್ತದೆ, ಅದನ್ನು ಹಳಿಯುವುದು ಬೇಡ. ಆದರೆ ಟಿಎಂಎಸ್ ಬಂದ ದಾರಿಯೇ ಬೇರೆ.

ಬದಲಾಗುವ ಆಯಸ್ಕಾಂತ ಕ್ಷೇತ್ರ ಪಕ್ಕದ ತಂತಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ ಎಂದು ವಿಜ್ಞಾನಿ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ನರವೂ ಒಂದು ಲೆಕ್ಕದಲ್ಲಿ ಕರೆಂಟ್ ಹರಿಯುವ ಜಾಗ, ಅಲ್ವಾ? 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ತಂತಿಯ ಸುರುಳಿಯನ್ನು (ಕಾಯಿಲ್) ತಲೆಯ ಮೇಲೆ ಹಿಡಿದು ಮಿಡಿತ ಬಿಟ್ಟಿತು. ಕೈ ತಾನಾಗಿ ಅಲುಗಿತು. ಅವರಿಗೆ ಬೇಕಿದ್ದದ್ದು ನರಗಳ ಪರೀಕ್ಷೆ. ಮನೋರೋಗದ ಮಾತೇ ಆಗ ಇರಲಿಲ್ಲ.

ಇವತ್ತಿಗೂ ಚಿಕಿತ್ಸೆ ಶುರುವಾಗುವುದು ಹಾಗೆಯೇ. ರೋಗಿ ಕುರ್ಚಿಯಲ್ಲಿ ಎಚ್ಚರವಾಗೇ ಕೂತಿರುತ್ತಾರೆ, ಕಿವಿಗೆ ಇಯರ್‌ಪ್ಲಗ್. ಇಂಗ್ಲಿಷ್ ಎಂಟರ ಆಕಾರದ ಕಾಯಿಲ್ 'ಟಕ್ ಟಕ್' ಎನ್ನುತ್ತದೆ. ಹೆಬ್ಬೆರಳು ಚಿಮ್ಮುವಷ್ಟು ಶಕ್ತಿ ಎಷ್ಟು ಎಂದು ಮೊದಲು ಹುಡುಕುತ್ತಾರೆ. ಅದೇ ಆ ರೋಗಿಯ ಡೋಸಿಗೆ ಅಳತೆ. ಆಮೇಲೆ ಕಾಯಿಲನ್ನು ಹಣೆಯ ಕಡೆಗೆ, ಸಾಮಾನ್ಯವಾಗಿ ಎಡಭಾಗಕ್ಕೆ, ಸರಿಸುತ್ತಾರೆ. ಆ ಜಾಗದಲ್ಲಿ ಕುಟ್ಟಿದ ಹಾಗಾಗುತ್ತದೆ, ಕೆಲವರಿಗೆ ತಲೆನೋವು ಬರುತ್ತದೆ. ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು.

ಮಿಡಿತ ನಿಂತ ಮೇಲೂ ಪರಿಣಾಮ ಉಳಿಯುವುದು ಹೇಗೆ? ದೊಡ್ಡವರ ಮಿದುಳು ಬದಲಾಗದು ಎಂಬ ನಂಬಿಕೆ ಬಹಳ ಕಾಲ ಇತ್ತು. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು ಮೊಲದ ಮಿದುಳಿನ ನರವನ್ನು ಮತ್ತೆ ಮತ್ತೆ ಪ್ರಚೋದಿಸಿದರು. ಅಲ್ಲಿನ ನರಕೋಶಗಳ ನಂಟು ಗಂಟೆಗಟ್ಟಲೆ ಬಲವಾಗಿಯೇ ಉಳಿಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1995ರ ಇನ್ನೊಂದು ಪ್ರಯೋಗ. ನರವಿಜ್ಞಾನಿ ಆಲ್ವಾರೊ ಪಾಸ್ಕುವಲ್ ಲಿಯೋನ್ ಕೆಲವರಿಗೆ ಐದು ಬೆರಳಿನ ಪಿಯಾನೊ ಪಾಠ ಕೊಟ್ಟರು. ದಿನಕ್ಕೆ ಎರಡು ಗಂಟೆ, ಐದು ದಿನ. ಟಿಎಂಎಸ್‌ನಿಂದ ಅಳೆದರೆ, ಮಿದುಳಿನಲ್ಲಿ ಬೆರಳುಗಳ ಜಾಗ ದಿನದಿಂದ ದಿನಕ್ಕೆ ಹಿಗ್ಗಿತ್ತು. ಬರೀ ಮನಸ್ಸಿನಲ್ಲೇ ಅಭ್ಯಾಸ ಮಾಡಿದವರಲ್ಲೂ ಹಿಗ್ಗಿತ್ತು! ಮರುವರ್ಷವೇ ಅವರ ತಂಡ ಮಾತ್ರೆಗೆ ಬಗ್ಗದ ಖಿನ್ನತೆಗೆ ಇದನ್ನು ಬಳಸಿ ಫಲಿತಾಂಶ ಪ್ರಕಟಿಸಿತು. ಅಳೆಯುವ ಸಾಧನವೇ ಮದ್ದಾಯಿತು.

ಅಮೆರಿಕದಲ್ಲಿ 2008ರಲ್ಲಿ ಖಿನ್ನತೆಗೆ, 2018ರಲ್ಲಿ ಗೀಳು ರೋಗಕ್ಕೆ ಅನುಮತಿ ಸಿಕ್ಕಿತು. ಎಲ್ಲರಿಗೂ ಗುಣ ಕಾಣುವುದಿಲ್ಲ, ಕಂಡವರಲ್ಲೂ ಕೆಲವರಿಗೆ ಖಿನ್ನತೆ ಮರುಕಳಿಸುತ್ತದೆ. ಫಿಟ್ಸ್ ಬರುವ ಅಪಾಯ ತೀರಾ ಕಡಿಮೆ, ಆದರೂ ಇದೆ. ಹಿಂದೆ ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಲೋಹದ ಕ್ಲಿಪ್ ಇದ್ದರೆ ಮೊದಲೇ ಹೇಳಬೇಕು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಿಂದಾಗಿ ಮೈಸೂರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಒಳಗೆ ಕೂರಿಸುವ ಸಾಧನ) ಹೊಸ ಮಾತಲ್ಲ. ಅದನ್ನು ಹಾಕಿಸಿಕೊಂಡವರಿಗೆ ಈ ಚಿಕಿತ್ಸೆ ಸಲ್ಲದು.

ನಮ್ಮ ಕಡೆ ದೊಡ್ಡ ತೊಡಕು ಬಸ್ಸಿನದು. ಹಳೆಯ ಕ್ರಮದಲ್ಲಿ ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ ಬರಬೇಕು. ಒಂದೊಂದು ಸಲ ಸುಮಾರು 37 ನಿಮಿಷ. ಮಿಡಿತಗಳನ್ನು ಗೊಂಚಲು ಗೊಂಚಲಾಗಿ ಬಿಡುವ, ಮೂರೇ ನಿಮಿಷದ ಥೀಟಾ ಬರ್ಸ್ಟ್ ಎಂಬ ಕ್ರಮ ಅದಕ್ಕೆ ಕಡಿಮೆಯಿಲ್ಲ ಎಂದು 2018ರಲ್ಲಿ ಕೆನಡಾದ 414 ರೋಗಿಗಳ ಅಧ್ಯಯನ ತೋರಿಸಿತು. ಡಾಕ್ಟರ ಸಮಯವೇನೋ ಉಳಿಯಿತು, ನಾಗಮಂಗಲದಿಂದ ಬರುವವರಿಗೆ ದಿನದಿನದ ಬಸ್ ಪಯಣ ತಪ್ಪಲಿಲ್ಲ. ದಿನಕ್ಕೆ ಹತ್ತು ಸಲದಂತೆ ಐದೇ ದಿನದಲ್ಲಿ ಮುಗಿಸುವ ಕ್ರಮಕ್ಕೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಎಂಆರ್‌ಐ ನೋಡಿ ಜಾಗ ಗುರುತಿಸಬೇಕು, ಖರ್ಚು ಜಾಸ್ತಿ. ಆದರೂ ಕೂಲಿಗೆ ಹೋಗುವ ಹೆಂಗಸು ಐದು ದಿನ ಮೈಸೂರಿನ ನೆಂಟರ ಮನೆಯಲ್ಲಿ ಉಳಿದಾಳು. ಆರು ವಾರದ ಕೂಲಿ ಬಿಡಲು ಅವಳಿಂದಾಗದು. ಸರ್ಕಾರಿ ಆಸ್ಪತ್ರೆಗೆ ಯಂತ್ರ ತರಿಸುವವರು ಯಂತ್ರದ ಬೆಲೆಯ ಜೊತೆಗೆ ಈ ಕೂಲಿಯ ಲೆಕ್ಕವನ್ನೂ ಹಾಕಬೇಕು.