ಕಬ್ಬಿನ ಹಾಲಿಗೆ ನಿಂಬೆಹಣ್ಣು ಯಾಕೆ?

ಮಂಡ್ಯದಲ್ಲಿ ಕಬ್ಬಿನ ಹಾಲಿನ ಗಾಡಿ ಮುಂದೆ ನಿಂತು ಎರಡು ಲೋಟ ಹೇಳಿದೆ. "ಅಣ್ಣ, ಒಂದಕ್ಕೆ ನಿಂಬೆಹಣ್ಣು ಬೇಡ." ಗಾಡಿಯವರು ಮುಖ ನೋಡಿದರು. "ಕಪ್ಪಾಯ್ತದೆ, ಬೇಗ ಕುಡ್ದುಬುಡಿ" ಎಂದರು. ನಾನು ಕುಡಿಯಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ನಿಂಬೆ ಹಿಂಡಿದ್ದು ತಿಳಿ ಹಸಿರಾಗಿಯೇ ಉಳಿಯಿತು. ಇನ್ನೊಂದು ನೊರೆಯ ಬುಡದಿಂದ ಶುರುವಾಗಿ, ಮೆಲ್ಲಗೆ ಕೆಸರಿನ ಬಣ್ಣಕ್ಕೆ ತಿರುಗಿತು.

ಕಬ್ಬಿನಲ್ಲಿ ಸಕ್ಕರೆ ಜೊತೆಗೆ ಫೀನಾಲ್ ಜಾತಿಯ ವಸ್ತುಗಳೂ ಇವೆ. ಅವನ್ನು ಕೆಣಕುವ ಕಿಣ್ವವೂ ಅದೇ ಜೀವಕೋಶದಲ್ಲಿದೆ, ಆದರೆ ಬೇರೆ ಕೋಣೆಯಲ್ಲಿ. ಜಲ್ಲೆ ರೋಲರಿಗೆ ಸಿಕ್ಕಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕವೂ ಸಿಗುತ್ತದೆ. ಆಗ ಫೀನಾಲ್ ಅಣು ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಕಳೆದುಕೊಂಡು ಕ್ವಿನೋನ್ ಆಗುತ್ತದೆ. ಕ್ವಿನೋನ್ ಸುಮ್ನೆ ಕೂರುವುದಿಲ್ಲ. ಸಿಕ್ಕ ಅಣುಗಳಿಗೆಲ್ಲ ಅಂಟಿಕೊಂಡು ಕಂದು ಬಣ್ಣದ ದೊಡ್ಡ ಅಣುವಾಗಿ ಬೆಳೆಯುತ್ತದೆ.

ಅಂಟಿಕೊಳ್ಳುವ ಮೊದಲು ಮಾತ್ರ ವಾಪಸ್ ಬರುವ ದಾರಿ ಇದೆ. ನನಗೆ ತುಂಬಾ ಹಿಡಿಸುವುದು ಈ ಘಟ್ಟ. ಯಾರಾದರೂ ಎರಡು ಎಲೆಕ್ಟ್ರಾನ್ ಕೊಟ್ಟರೆ ಸಾಕು, ಕ್ವಿನೋನ್ ನೀರಿನಿಂದ ಎರಡು ಪ್ರೋಟಾನ್ ಎತ್ತಿಕೊಂಡು ಮತ್ತೆ ಫೀನಾಲ್ ಆಗಿಬಿಡುತ್ತದೆ. ನಿಂಬೆಯ ವಿಟಮಿನ್ ಸಿ ಕೊಡುವುದು ಆ ಎಲೆಕ್ಟ್ರಾನನ್ನೇ. ನಿಂಬೆಯ ಹುಳಿ ಕಿಣ್ವದ ಕೈಯನ್ನೂ ಕಟ್ಟುತ್ತದೆ. ಕಪ್ಪಾದ ಲೋಟಕ್ಕೆ ಆಮೇಲೆ ನಿಂಬೆ ಹಿಂಡಿ ನೋಡಿದೆ. ಸ್ವಲ್ಪ ತಿಳಿಯಾಯಿತು, ಅಷ್ಟೇ. ಅಂಟಿದ್ದು ಬಿಡಲಿಲ್ಲ.

ಪ್ರೋಟಾನ್ ಬೇಕು ಅಂದಮೇಲೆ ನೀರು ಎಷ್ಟು ಹುಳಿ ಅನ್ನುವುದೂ ಮುಖ್ಯ ಅಲ್ವಾ? ಹುಳಿ ಹೆಚ್ಚಿದಷ್ಟೂ ಕ್ವಿನೋನ್ ಎಲೆಕ್ಟ್ರಾನ್ ಸೆಳೆಯುವ ಬಲ ಜಾಸ್ತಿ. ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಕ ಇಳಿದರೆ ಬಲ ಸುಮಾರು 0.059 ವೋಲ್ಟ್ ಏರುತ್ತದೆ. ಈ ಲೆಕ್ಕ ಎಷ್ಟು ನಂಬಿಕಸ್ತ ಅಂದರೆ, 1921ರಲ್ಲಿ ಡೆನ್ಮಾರ್ಕಿನ ಐನಾರ್ ಬೀಲ್ಮನ್ ಇದನ್ನೇ ಹಿಡಿದು ಪಿಎಚ್ ಅಳೆಯುವ ಎಲೆಕ್ಟ್ರೋಡ್ ಮಾಡಿದರು. 2014ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಆಮ್ಲ ಬೆರೆಸಿದ ನೀರಿನಲ್ಲಿ ಕ್ವಿನೋನ್ ಕರಗಿಸಿ, ವಿದ್ಯುತ್ ತುಂಬಿಡುವ ಬ್ಯಾಟರಿಯನ್ನೇ ಕಟ್ಟಿ ತೋರಿಸಿದರು.

ಸುಣ್ಣ ಬಿದ್ದರೆ ಎಲ್ಲ ತಿರುಗುಮುರುಗು. ಆಲೆಮನೆಯಲ್ಲಿ ಹಾಲಿನ ಹುಳಿ ಮುರಿಯಲು, ಮಡ್ಡಿ ಮೇಲೆ ಬರಲು ಕೊಪ್ಪರಿಗೆಗೆ ಸುಣ್ಣ ಹಾಕುತ್ತಾರೆ. ಕುದಿಯುವ ಹಾಲಿನಲ್ಲಿ ಕಿಣ್ವ ಕೆಲಸ ನಿಲ್ಲಿಸಿರುತ್ತದೆ, ನಿಜ. ಆದರೆ ಸುಣ್ಣ ಜಾಸ್ತಿಯಾದರೆ ಫೀನಾಲಿಗೆ ಕಿಣ್ವದ ಹಂಗೇ ಬೇಡ. ಪ್ರೋಟಾನ್ ಬಿಟ್ಟುಕೊಟ್ಟು, ಎಲೆಕ್ಟ್ರಾನನ್ನು ನೇರವಾಗಿ ಗಾಳಿಗೆ ಒಪ್ಪಿಸುತ್ತದೆ. ಸಕ್ಕರೆಯೂ ಸುಣ್ಣಕ್ಕೆ ಬಣ್ಣ ಬಿಡುತ್ತದೆ. ಬೆಲ್ಲ ಕಪ್ಪು. ಅದಕ್ಕೇ ಹದ ಬಲ್ಲವರು ಸುಣ್ಣವನ್ನು ಚೂರುಚೂರೇ ಹಾಕಿ, ಹಾಲಿನ ಬಣ್ಣ ನೋಡಿ ಕೈ ತಡೆಯುತ್ತಾರೆ.