ಜಪಾನಿನ ಮಹಿಳಾ ಗಾಲ್ಫ್: ಆ 42 ವರ್ಷ ಎಲ್ಲಿ ಹೋದವು?

2019ರ ಆಗಸ್ಟ್. ಇಂಗ್ಲೆಂಡಿನ ವೋಬರ್ನ್‌ನಲ್ಲಿ ಮಹಿಳಾ ಬ್ರಿಟಿಷ್ ಓಪನ್‌ನ ಕೊನೆಯ ಸುತ್ತು. ಮುನ್ನಡೆಯಲ್ಲಿದ್ದ 20ರ ಹರೆಯದ ಹಿನಾಕೊ ಶಿಬುನೊ ಮೂರನೇ ಹೋಲ್‌ನಲ್ಲಿ ನಾಲ್ಕು ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಮೆಲುಹೊಡೆತ) ತೆಗೆದುಕೊಂಡರು. ಕಥೆ ಮುಗಿಯಿತು ಅಂದುಕೊಂಡವರೇ ಹೆಚ್ಚು. ಆದರೆ ಕೊನೆಯ ಒಂಬತ್ತು ಹೋಲ್‌ಗಳನ್ನು 31 ಹೊಡೆತಗಳಲ್ಲಿ ಮುಗಿಸಿ, 18ನೇ ಗ್ರೀನ್‌ನಲ್ಲಿ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಉದ್ದದ ಪಟ್ ಒಂದನ್ನು ಅಳುಕದೆ ಬಾರಿಸಿ ಗೆದ್ದೇಬಿಟ್ಟರು. ಜಪಾನಿನ ಹೊರಗೆ ಅವರು ಆಡಿದ ಮೊದಲ ವೃತ್ತಿಪರ ಟೂರ್ನಿ ಅದು. 1977ರಲ್ಲಿ ಹಿಸಾಕೊ ಹಿಗುಚಿ ಗೆದ್ದ ಮೇಲೆ ಜಪಾನಿನ ಮಹಿಳೆಯೊಬ್ಬರ ಕೈಗೆ ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಲ್ಲೊಂದರ, ಪ್ರಶಸ್ತಿ ಬಂದದ್ದು ಆಗಲೇ.

ನಡುವಿನ 42 ವರ್ಷಗಳಲ್ಲಿ ಪ್ರತಿಭೆಗೇನೂ ಬರವಿರಲಿಲ್ಲ. ಸಾಫ್ಟ್‌ಬಾಲ್‌ನಿಂದ ಬಂದ ಅಯಾಕೊ ಒಕಾಮೊಟೊ 1987ರಲ್ಲಿ ಅಮೆರಿಕದ ಟೂರ್‌ನ (ವೃತ್ತಿಪರ ಟೂರ್ನಿಗಳ ಸರಣಿ) ಗಳಿಕೆಪಟ್ಟಿಯಲ್ಲಿ ಮೊದಲಿಗರಾದರು. ಅಮೆರಿಕನ್ನರಲ್ಲದವರಿಗೆ ಅದು ಮೊದಲ ಸಲ ದಕ್ಕಿದ ಪಟ್ಟ. 1998ರಲ್ಲಿ ಪಾಕ್ ಸೆ-ರಿ ಎರಡು ಮೇಜರ್ ಗೆದ್ದರು, ಅವರ ಬೆನ್ನಿಗೆ ಕೊರಿಯಾದ ಒಂದು ತಲೆಮಾರೇ ಅಮೆರಿಕಕ್ಕೆ ಬಂದಿತು. ಜಪಾನಿನ ಐ ಮಿಯಾಜಾಟೊ 2010ರಲ್ಲಿ ವಿಶ್ವದ ನಂಬರ್ 1 ಆದರು. ಮೇಜರ್ ಮಾತ್ರ ಒಲಿಯಲಿಲ್ಲ.

ಕಾರಣ ಹುಡುಕಲು ಜಪಾನಿನ ಒಳಗೇ ನೋಡಬೇಕು. ಅಲ್ಲಿ ಗಾಲ್ಫ್ ಮನೆಮನೆಗೆ ತಲುಪಿದ್ದು ಟಿವಿ, ಮಾಂಗಾ (ಜಪಾನಿ ಚಿತ್ರಕಥೆ), ವಿಡಿಯೊ ಗೇಮ್‌ಗಳ ಮೂಲಕ. 1980ರ ದಶಕದ ಜನಪ್ರಿಯ ಮಾಂಗಾ ಒಂದರ ನಾಯಕ ‘ಚಾ–ಶೂ–ಮೆನ್’ ಎನ್ನುತ್ತಾ ಹೊಡೆಯುತ್ತಾನೆ. ಅದು ಹಂದಿಮಾಂಸ ಹಾಕಿದ ನೂಡಲ್ಸ್‌ನ ಹೆಸರು. ‘ಚಾ’ ಎನ್ನುವಾಗ ಕ್ಲಬ್ ಹಿಂದಕ್ಕೆ, ‘ಶೂ’ಗೆ ಮೇಲಕ್ಕೆ, ‘ಮೆನ್’ಗೆ ಚೆಂಡಿಗೆ. ಗೇಮ್‌ಗಳಲ್ಲೂ ಇದೇ ಮೂರೆಣಿಕೆ: ಮೊದಲು ಗುಂಡಿ ಒತ್ತಿದರೆ ಶುರು, ಎರಡನೆಯದು ಎಷ್ಟು ಜೋರು ಎನ್ನುವುದಕ್ಕೆ, ಮೂರನೆಯದು ಹೊಡೆತಕ್ಕೆ.

ಇಂಥ ನೆಲದಲ್ಲಿ 2003ರಲ್ಲಿ ಹೈಸ್ಕೂಲ್ ಹುಡುಗಿ ಮಿಯಾಜಾಟೊ ವೃತ್ತಿಪರ ಟೂರ್ನಿ ಗೆದ್ದಾಗ ದೇಶವೇ ಅವರನ್ನು ‘ಐ-ಚಾನ್’ ಎಂದಿತು. ಮನೆಮಗಳನ್ನು ಮುದ್ದಿನಿಂದ ಕರೆಯುವ ರೀತಿ ಅದು. 2015ರಲ್ಲಿ ಜಪಾನಿನ ಟೂರ್‌ನಲ್ಲಿ ಒಂದೇ ಋತುವಿನಲ್ಲಿ 23 ಕೋಟಿ ಯೆನ್ ಗಳಿಸಿದ ಕೊರಿಯಾದ ಲೀ ಬೊ-ಮಿ ‘ಸ್ಮೈಲ್ ಕ್ಯಾಂಡಿ’ ಆದರು, ಶಿಬುನೊ ‘ಸ್ಮೈಲಿಂಗ್ ಸಿಂಡ್ರೆಲಾ’. ಈ ಅಕ್ಕರೆ ಅಂಗಳಕ್ಕೆ ಜನರನ್ನೂ ಪ್ರಾಯೋಜಕರನ್ನೂ ತಂದಿತು ನಿಜ. ಆದರೆ ನಾಲ್ಕು ಪಟ್ ಆದ ಮೇಲೂ ಕೈ ನಡುಗದವರಿಗೆ ಅಂಟಿದ್ದು ನಗುವಿನ ಹೆಸರು! ಅವರ ಕಸುಬಿಗೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕಿತ್ತು.

ಜಪಾನಿನಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಹೆಚ್ಚುಕಡಿಮೆ ವಾರಕ್ಕೊಂದು ಟೂರ್ನಿ, ಒಳ್ಳೆಯ ದುಡ್ಡು, ಮನೆಯೂಟ, ತಾಯ್ನುಡಿ. ಹೊರಗೆ ಹೋಗುವ ಜರೂರೇ ಇರಲಿಲ್ಲ. ಹೋದವರಿಗೆ ಮೊದಲು ಕೈಕೊಟ್ಟದ್ದು ಹುಲ್ಲು. ಜಪಾನಿನ ಫೇರ್‌ವೇಗಳಲ್ಲಿ (ಗ್ರೀನ್‌ವರೆಗಿನ ಹುಲ್ಲುಹಾದಿ) ಸಾಮಾನ್ಯವಾದ ಕೊರೈ, ನೊಶಿಬಾ ಹುಲ್ಲುಗಳ ಎಲೆ ಗಡುಸು. ಚೆಂಡು ಬ್ರಷ್‌ನ ಮೇಲೆ ಇಟ್ಟಂತೆ ಎತ್ತಿ ಕೂರುತ್ತದೆ, ಕ್ಲಬ್ ಗುಡಿಸಿದ ಹಾಗೆ ಅಡಿಯಲ್ಲಿ ಹಾದುಹೋದರೂ ಹೊಡೆತ ಸರಿಯಾಗಿ ಬೀಳುತ್ತದೆ. ಬ್ರಿಟನ್ನಿನ ಕಡಲತೀರದ ಅಂಗಳಗಳಲ್ಲಿ ಚೆಂಡು ಗಟ್ಟಿ ನೆಲಕ್ಕೇ ಅಂಟಿರುತ್ತದೆ. ಕ್ಲಬ್ ಒಂದಂಗುಲ ಮೊದಲೇ ನೆಲ ಮುಟ್ಟಿದರೆ ಪುಟಿದು, ಅದರ ಅಂಚು ಚೆಂಡಿನ ನಡುವಿಗೆ ಬಡಿಯುತ್ತದೆ. ಚೆಂಡು ನೆಲ ಸವರಿಕೊಂಡು ಗ್ರೀನ್ ದಾಟಿ ಓಡುತ್ತದೆ. ಎತ್ತರಕ್ಕೆ ಹೊಡೆದು ಗ್ರೀನ್ ಮೇಲೆ ನಿಲ್ಲಿಸುವ ಅಭ್ಯಾಸವೂ ಗಾಳಿಗೆ ನಡೆಯದು. ಚೆಂಡನ್ನು ತಗ್ಗಿಸಿ ಹೊಡೆದು, ಗ್ರೀನ್‌ಗೆ ಮೊದಲೇ ಬೀಳಿಸಿ ಉರುಳಿಸಬೇಕು.

ಎರಡನೆಯದು ದಿನಗಳ ಲೆಕ್ಕ. ಜಪಾನಿನ ಹೆಚ್ಚಿನ ಟೂರ್ನಿಗಳು ಬಹುಕಾಲ ಮೂರು ದಿನ, 54 ಹೋಲ್‌ಗಳವಾಗಿದ್ದವು. ಒಂದು ಸುತ್ತು ಕೆಟ್ಟರೆ ಸರಿಪಡಿಸಲು ಸಮಯವಿರಲಿಲ್ಲ, ಹಾಗಾಗಿ ಮುನ್ನುಗ್ಗಿ ಆಡುವುದೇ ರೂಢಿಯಾಗಿತ್ತು. ಮೇಜರ್ ನಾಲ್ಕು ದಿನದ್ದು. ಕೆಟ್ಟ ಹೋಲ್‌ನಲ್ಲಿ ನಷ್ಟ ಒಂದು ಹೊಡೆತಕ್ಕಿಂತ ಹೆಚ್ಚಾಗದಂತೆ ತಡೆಯುವ ತಾಳ್ಮೆ ಅಲ್ಲಿ ಬೇಕು. ಕಳೆದ ದಶಕದಲ್ಲಿ ನಾಲ್ಕು ದಿನದ ಟೂರ್ನಿಗಳನ್ನು ಹೆಚ್ಚಿಸಿದರು, ವಿದೇಶದ ಮೇಜರ್‌ಗಳ ಸಾಧನೆಗೂ ದೇಶೀ ಶ್ರೇಯಾಂಕದಲ್ಲಿ ಅಂಕ ಸಿಗತೊಡಗಿತು. ಫಲ ಕಣ್ಣಮುಂದಿದೆ. ಆದರೆ 2019ರಿಂದ ಟೂರ್‌ನ ಅರ್ಹತಾ ಟೂರ್ನಿಗೆ ಪ್ರೊ ಟೆಸ್ಟ್ (ವೃತ್ತಿಪರರಾಗಲು ಬರೆಯುವಂಥ ಅರ್ಹತೆಯಲ್ಲ, ಆಡಿ ಗೆಲ್ಲಬೇಕಾದ ಪರೀಕ್ಷೆ) ಪಾಸಾಗಿರಬೇಕು ಎಂಬ ನಿಯಮ ಬಂದು ಹೊರಗಿನವರ ದಾರಿ ಕಿರಿದಾಯಿತು. ಆ ಟೆಸ್ಟ್‌ನ ಅಂತಿಮ ಹಂತದಲ್ಲಿ ತೇರ್ಗಡೆಯಾಗುವವರು ಸುಮಾರು 20 ಮಂದಿ. ಕೊರಿಯಾದವರ ಜೊತೆ ವಾರವಾರ ಸೆಣಸಿಯೇ ಪಳಗಿದ ಟೂರ್‌ಗೆ ಇದು ಒಳಿತಲ್ಲ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ನಡೆದದ್ದು ಕಸುಮಿಗಸೆಕಿ ಕ್ಲಬ್‌ನಲ್ಲಿ. 2017ರವರೆಗೆ ಮಹಿಳೆಯರಿಗೆ ಪೂರ್ಣ ಸದಸ್ಯತ್ವವನ್ನೇ ಕೊಡದಿದ್ದ ಜಾಗವದು. ಅಲ್ಲೇ ಜಪಾನಿನ ಮೊನೆ ಇನಾಮಿ ಬೆಳ್ಳಿ ಗೆದ್ದರು, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಅದಿತಿ ದೂರ ಹೊಡೆಯುವವರಲ್ಲ, ಪಟ್ಟಿಂಗ್ ನಂಬಿ ಆಡುವವರು. ಆ ಬಗೆಯ ಆಟಕ್ಕೂ ಜಾಗವಿದೆ ಎನ್ನಲು 2025ರ ಮಹಿಳಾ ಬ್ರಿಟಿಷ್ ಓಪನ್ ಸಾಕು. ವೇಲ್ಸ್‌ನ ಕಡಲಂಚಿನ ರಾಯಲ್ ಪೋರ್ತ್‌ಕಾಲ್‌ನಲ್ಲಿ, ಅದೇ ಗಟ್ಟಿ ನೆಲ, ಅದೇ ಗಾಳಿಯ ನಡುವೆ, 150 ಸೆಂಟಿಮೀಟರ್ ಎತ್ತರದ ಜಪಾನಿನ ಮಿಯು ಯಮಶಿತಾ ಗೆದ್ದರು.