ಓದುಗರ ಪ್ರಶ್ನೆ: ಮೊಬೈಲ್‌ನಲ್ಲೇ 108 ಮೆಗಾಪಿಕ್ಸೆಲ್ ಇರುವಾಗ ಲ್ಯಾಬ್ ಕ್ಯಾಮೆರಾ ಯಾಕಿಷ್ಟು ದುಬಾರಿ?

ಪ್ರಶ್ನೆ: ನಮ್ಮ ಕಾಲೇಜಿನ ಮೈಕ್ರೋಸ್ಕೋಪಿಗೆ ಹಾಕುವ 4 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಲಕ್ಷಗಟ್ಟಲೆ ಕೊಟೇಶನ್ ಬಂದಿದೆ. ಈ ಮಾರುಕಟ್ಟೆ ಬೆಳೆಯುತ್ತಿದೆ ಅಂತಾರೆ. ಮತ್ತೆ ಬೆಲೆ ಯಾಕೆ ಇಳಿಯುತ್ತಿಲ್ಲ?

ಉತ್ತರ: ಮೆಗಾಪಿಕ್ಸೆಲ್ ಲೆಕ್ಕ ಪಕ್ಕಕ್ಕಿಟ್ಟು ಒಂದೊಂದು ಪಿಕ್ಸೆಲ್ ಎಷ್ಟು ಅಗಲ ಇದೆ ನೋಡಿ. 108 ಮೆಗಾಪಿಕ್ಸೆಲ್ ಮೊಬೈಲ್‌ಗಳಲ್ಲಿ ಅದು ಹೆಚ್ಚೆಂದರೆ 0.8 ಮೈಕ್ರಾನಿನ ಆಸುಪಾಸು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಮಂದ ಬೆಳಕಿನ ಸಂಶೋಧನೆಗೆಂದೇ ಮಾಡಿದ ಎಸ್‌ಸಿಮಾಸ್ (sCMOS) ಕ್ಯಾಮೆರಾಗಳಲ್ಲಿ 6.5 ಮೈಕ್ರಾನ್ ಮಾಮೂಲು. ವಿಸ್ತೀರ್ಣದಲ್ಲಿ ಹೇಳುವುದಾದರೆ ಸುಮಾರು 66 ಪಟ್ಟು, ಅಂದರೆ ಬೆಳಕು ಬೀಳಲು ಅಷ್ಟು ಹೆಚ್ಚು ಜಾಗ. ಮಾದರಿಯೇ ಸೂಸುವ ಮಂದ ಹೊಳಪನ್ನು ನೋಡುವ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಎಷ್ಟೋ ಸಲ ಪಿಕ್ಸೆಲ್‌ಗೆ ಹತ್ತಿಪ್ಪತ್ತು ಫೋಟಾನ್ (ಬೆಳಕಿನ ಕಣ) ಬಿದ್ದರೆ ಅದೇ ದೊಡ್ಡದು. ಒಳ್ಳೆಯ ಸೆನ್ಸರ್, ಅಂದರೆ ಬೆಳಕನ್ನು ಎಲೆಕ್ಟ್ರಾನ್ ಮಾಡುವ ಚಿಪ್, ಬಿದ್ದ ನೂರು ಫೋಟಾನಿನಲ್ಲಿ 95ರ ತನಕ ಹಿಡಿಯುತ್ತದೆ, ಅವನ್ನು ಎಣಿಸಿ ಓದುವಾಗ ಸೇರುವ ಗದ್ದಲ (ನಾಯ್ಸ್, ಸುಳ್ಳು ಸಂಕೇತ) ಒಂದೆರಡು ಎಲೆಕ್ಟ್ರಾನಿನಷ್ಟೇ. ಬಿಸಿಯಾದರೆ ಕತ್ತಲಲ್ಲೂ ಎಲೆಕ್ಟ್ರಾನ್ ಹುಟ್ಟಿಕೊಳ್ಳುವುದರಿಂದ ಅದನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ತಣ್ಣಗಿಡುವುದೂ ಉಂಟು. ಮೊಬೈಲ್ ತನ್ನ ಗದ್ದಲವನ್ನು ಸಾಫ್ಟ್‌ವೇರಿನಲ್ಲಿ ಉಜ್ಜಿ ನಯ ಮಾಡುತ್ತದೆ. ಮದುವೆ ಫೋಟೋಗೆ ಪರವಾಗಿಲ್ಲ. ಹೊಳಪು ಅಳೆದು ಪ್ರೋಟೀನ್ ಎಷ್ಟಿದೆ ಅಂತ ಹೇಳಬೇಕಾದವರಿಗೆ ಅದು ಕಳ್ಳ ಲೆಕ್ಕ.

ಇನ್ನು ಬೆಲೆ. ಮೊಬೈಲ್ ಸೆನ್ಸರ್‌ಗಳು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಮಾರಾಟವಾಗುತ್ತವೆ, ಲ್ಯಾಬ್ ಸೆನ್ಸರ್‌ಗಳ ಬೇಡಿಕೆ ಎಷ್ಟು ಹೆಚ್ಚಿದರೂ ಅದರ ಹತ್ತಿರಕ್ಕೂ ಬರುವುದಿಲ್ಲ. ಇಂಥ ಸೆನ್ಸರ್ ಮಾಡುವವರು ಬೆರಳೆಣಿಕೆಯಷ್ಟು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿ, ಬಾಯ್ಲ್ ಮತ್ತು ಸ್ಮಿತ್ ಅವರಿಗೆ 2009ರ ನೊಬೆಲ್ ತಂದ ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರನ್ನೇ ನಿಲ್ಲಿಸುತ್ತೇವೆ ಎಂದು 2015ರಲ್ಲಿ ಸೋನಿ ಹೇಳಿದಾಗ, ಅದನ್ನೇ ನಂಬಿದ್ದ ಕ್ಯಾಮೆರಾ ಕಂಪನಿಗಳು ವಿನ್ಯಾಸವನ್ನೇ ಬದಲಿಸಬೇಕಾಯಿತು. ಕ್ಯಾಮೆರಾ ಕಂಪನಿಗಳೂ ದೊಡ್ಡವರ ಪಾಲಾಗುತ್ತಿವೆ: ಆಂಡೋರ್ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್‌ಗೆ, ಫೋಟೋಮೆಟ್ರಿಕ್ಸ್ ಟೆಲಿಡೈನ್‌ಗೆ, ಪಿಸಿಒ ಎಕ್ಸೆಲಿಟಾಸ್‌ಗೆ. ಪೈಪೋಟಿ ಕಡಿಮೆಯಾದ ಕಡೆ ಬೆಲೆ ಇಳಿಯುವ ಆಸೆ ನನಗಂತೂ ಇಲ್ಲ.

ಆಸ್ಪತ್ರೆಯ ಕಡೆ ಕತೆ ಬೇರೆ, ಅಲ್ಲಿ ಮೊಬೈಲ್ ತಂತ್ರಜ್ಞಾನದಿಂದ ನಿಜಕ್ಕೂ ಲಾಭವಾಗಿದೆ. ಆಮ್ನಿವಿಷನ್ ಕಂಪನಿಯ ಒಂದು ಸೆನ್ಸರ್ ಪ್ರತಿ ಬದಿಗೆ 0.575 ಮಿಲಿಮೀಟರ್ ಇರುವ ಚೌಕದಷ್ಟೇ ಇದೆ. ದೇಹದೊಳಗೆ ತೂರಿಸಿ ನೋಡುವ, ಒಮ್ಮೆ ಬಳಸಿ ಬಿಸಾಡುವ ಎಂಡೋಸ್ಕೋಪ್‌ಗಳಿಗೆ ದಾರಿಯಾದದ್ದು ಇಂಥವುಗಳಿಂದಲೇ. ಬೆಂಗಳೂರಿನ ರೆಮಿಡಿಯೊ ಕಂಪನಿ ಸ್ಮಾರ್ಟ್‌ಫೋನಿಗೆ ಲೆನ್ಸ್‌ಗಳನ್ನು ಜೋಡಿಸಿ ಕಣ್ಣಿನ ರೆಟಿನಾದ ಚಿತ್ರ ತೆಗೆಯುವ ಕ್ಯಾಮೆರಾ ಮಾಡಿದೆ, ಫೋರಸ್ ಹೆಲ್ತ್‌ನ ತ್ರಿನೇತ್ರ ಎಂಬ ಕಣ್ಣಿನ ಕ್ಯಾಮೆರಾ ಕೂಡ ಬೆಂಗಳೂರಿನದೇ. ಅವಧಿಗೆ ಮುಂಚೆ ಹುಟ್ಟಿದ, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿನ ರೆಟಿನಾವನ್ನು ಮೂವತ್ತು ದಿನದೊಳಗೆ ನೋಡಬೇಕು, ತಡವಾದರೆ ದೃಷ್ಟಿಯೇ ಹೋಗಬಹುದು. ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು ಚಿತ್ರ ತೆಗೆದು ಕಳಿಸುತ್ತಾರೆ, ತಜ್ಞರು ದೂರದಿಂದಲೇ ನೋಡುತ್ತಾರೆ. ಅಲ್ಲಿ ಕ್ಯಾಮೆರಾಗಿಂತ ಹೆಚ್ಚು ಕೊರತೆ ಇರುವುದು ಹೀಗೆ ತೆಗೆಯಬಲ್ಲ, ನೋಡಬಲ್ಲ ಜನರದ್ದು. ಜೊತೆಗೆ ವೈದ್ಯಕೀಯ ಸಾಧನಗಳ ನಿಯಮಾವಳಿಯಿದೆ. ನಡುವೆ ಸೆನ್ಸರ್ ಬದಲಾದರೆ ಮತ್ತೆ ಪರೀಕ್ಷೆ, ಮತ್ತೆ ಕಾಗದಪತ್ರ.

ನಿಮ್ಮ ಕಾಲೇಜಿನ ಮಾತಿಗೆ ಬಂದರೆ, ಬಣ್ಣ ಹಾಕಿದ ಸ್ಲೈಡ್ ತೋರಿಸಿ ಪಾಠ ಮಾಡುವುದಷ್ಟೇ ಆದರೆ ಸಾಧಾರಣ ಸಿಮಾಸ್ (ಮೊಬೈಲ್‌ನಲ್ಲಿರುವ ಬಗೆಯ ಸೆನ್ಸರಿನ) ಕ್ಯಾಮೆರಾ ಧಾರಾಳ ಸಾಕು. ಫ್ಲೋರೆಸೆನ್ಸ್ ವಿಡಿಯೋ ಬೇಕೇ ಬೇಕಾದರೆ ಕೊಟೇಶನ್ನಿನಲ್ಲಿ ಡಿಸ್ಕಿನ ಖರ್ಚೂ ಸೇರಿಸಿ: 4.2 ಮೆಗಾಪಿಕ್ಸೆಲ್, ಪಿಕ್ಸೆಲ್‌ಗೆ 16 ಬಿಟ್ (ಎರಡು ಬೈಟ್), ಸೆಕೆಂಡಿಗೆ 100 ಚಿತ್ರ ಅಂದರೆ ಗಂಟೆಗೆ ಸುಮಾರು 3 ಟೆರಾಬೈಟ್. ವರ್ಷಕ್ಕೆ ನಾಲ್ಕು ಸಲದ ಕೆಲಸವಾದರೆ ಕೊಳ್ಳುವ ಮುಂಚೆ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಒಮ್ಮೆ ಹುಡುಕಿ. ಬೇರೆ ಸಂಸ್ಥೆಗಳ ಉಪಕರಣವನ್ನು ಶುಲ್ಕ ಕಟ್ಟಿ ಬಳಸಲು ಅಲ್ಲೇ ಬುಕ್ ಮಾಡಬಹುದು.